ನಾಗಸ್ವರದ ನೆರಳಲ್ಲಿ ಕ್ಲಾರಿಯೋನೆಟ್

2008ರಲ್ಲಿ ಚೆನ್ನೈನ ಮ್ಯೂಸಿಕ್ ಅಕಾಡೆಮಿ ಎ.ಕೆ.ಸಿ. ನಟರಾಜನ್ ಅವರಿಗೆ ‘ಸಂಗೀತ ಕಲಾನಿಧಿ’ ಕೊಟ್ಟಾಗ ಅವರಿಗೆ 77 ವರ್ಷ. ಕ್ಲಾರಿಯೋನೆಟ್ ನುಡಿಸುವವರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. ಆ ಹೊತ್ತಿಗೆ ವಾದ್ಯವು ದಕ್ಷಿಣದ ಸಂಗೀತದೊಳಗೆ ಬಂದು ಸುಮಾರು ನೂರು ವರ್ಷವಾಗಿತ್ತು. ಪಿಟೀಲೂ ಪರದೇಶದ್ದೇ. ಆದರೆ ಅದು ಹಾಡುಗಾರರ ಪಕ್ಕದಲ್ಲಿ ಕೂತು ಬೇಗನೆ ಮರ್ಯಾದೆ ಗಳಿಸಿಕೊಂಡಿತು. ಕ್ಲಾರಿಯೋನೆಟ್ ಬಂದದ್ದು ಬ್ಯಾಂಡಿನವರ ಜೊತೆ. ನಿಂತದ್ದು, ಅಕ್ಷರಶಃ ನಿಂತದ್ದು, ಭರತನಾಟ್ಯದ ಹಳೆಯ ರೂಪವಾದ ಸದಿರ್ ಆಡುವ ನರ್ತಕಿಯ ಹಿಂದೆ.

ತಮಿಳುನಾಡಿನ ‘ಚಿನ್ನ ಮೇಳ’ ಎಂಬ ನೃತ್ಯಮೇಳದಲ್ಲಿ ಮೊದಲು ಮುಖವೀಣೆ ಎಂಬ ಪುಟ್ಟ ಊದುವಾದ್ಯ ಇತ್ತು. ಆ ಜಾಗಕ್ಕೆ ಕ್ಲಾರಿಯೋನೆಟ್ಟನ್ನು ತಂದವರಲ್ಲಿ ಮಹಾದೇವ ನಟ್ಟುವನಾರ್ ಅವರ ಹೆಸರನ್ನು ಮೊದಲು ಹೇಳುತ್ತಾರೆ. ದೊಡ್ಡ ಧ್ವನಿ, ಹಾಡುವವರ ಕಂಠಕ್ಕೆ ಹೊಂದುವ ನಾದ, ಮುಖವೀಣೆಯ ಕೀರಲು ಇಲ್ಲ: ಮೇಳಕ್ಕೆ ಇದಕ್ಕಿಂತ ಹೆಚ್ಚು ಬೇಕಿರಲಿಲ್ಲ. ನರ್ತಕಿ ಬಾಲಸರಸ್ವತಿಯವರ ಮೇಳದಲ್ಲೂ ಕ್ಲಾರಿಯೋನೆಟ್ ಇತ್ತು. ಹೀಗೆ ಅದು ಪಕ್ಕವಾದ್ಯವಾಗಿ ಪಳಗಿತು. ಒಂಟಿಯಾಗಿ ಕಛೇರಿ ನಡೆಸುವುದು ಬೇರೆಯೇ ಮಾತು.

ಕಷ್ಟ ವಾದ್ಯದ ಮೈಯಲ್ಲೇ ಇದೆ. 1700ರ ಆಸುಪಾಸಿನಲ್ಲಿ ನ್ಯೂರೆಂಬರ್ಗಿನ ಡೆನ್ನರ್ ರೂಪಿಸಿದ ಈ ಕೊಳವೆಯ ಒಳಗು ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಅಗಲ. ಹಾಗಾಗಿ ಕೊಳಲಿನಲ್ಲೋ ನಾಗಸ್ವರದಲ್ಲೋ ಆಗುವಂತೆ ಊದುವ ಬಿಗಿ ಹೆಚ್ಚಿಸಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಸಿಗುವುದಿಲ್ಲ. ಮಧ್ಯ ಷಡ್ಜದ ಬೆರಳುಗಳನ್ನು ಹಾಗೇ ಇಟ್ಟು ಹೆಬ್ಬೆರಳಿನ ಕೀ ಒತ್ತಿದರೆ ಹೊರಡುವುದು ತಾರಸ್ಥಾಯಿಯ ಪಂಚಮ! ಕೆಳಗೊಂದು ಲೆಕ್ಕ, ಮೇಲೊಂದು ಲೆಕ್ಕ. ಇವೆರಡರ ನಡುವಿನ ಗಡಿಯಲ್ಲಿ ಒಂದು ಸ್ವರಕ್ಕೆ ಬೆರಳುಗಳೆಲ್ಲ ಮೇಲೆದ್ದಿದ್ದರೆ, ಪಕ್ಕದ ಸ್ವರಕ್ಕೆ ಹೆಚ್ಚುಕಡಿಮೆ ಎಲ್ಲವೂ ಒಮ್ಮೆಲೇ ಕೂರಬೇಕು. ಪಾಶ್ಚಾತ್ಯ ವಾದಕನಿಗೆ ಇದು ಅಭ್ಯಾಸದಿಂದ ನಿಭಾಯಿಸುವ ತೊಡಕು. ಸ್ವರಗಳು ಅವನಿಗೆ ಮೆಟ್ಟಿಲು. ಒಂದರಿಂದ ಇನ್ನೊಂದಕ್ಕೆ ಹಾರಬಹುದು. ತೋಡಿಯ ಗಾಂಧಾರ ಮೆಟ್ಟಿಲಲ್ಲ. ಅದು ರಿಷಭ-ಮಧ್ಯಮಗಳ ನಡುವೆ ತೂಗಾಡುತ್ತಲೇ ಬದುಕುವ ಸ್ವರ. ಆ ತೂಗಾಟದ ನಟ್ಟನಡುವೆ ಗಡಿ ಬಿದ್ದರೆ ಗಮಕ ಮುರಿದುಬೀಳುತ್ತದೆ. ಆಧಾರ ಷಡ್ಜವನ್ನು ಎಲ್ಲಿ ಹಿಡಿಯಬೇಕು, ಯಾವ ರಂಧ್ರದಿಂದ ಬೆರಳನ್ನು ಎತ್ತದೆ ಸರಿಸಬೇಕು, ರೀಡಿನ ಮೇಲೆ ತುಟಿಯನ್ನು ಎಷ್ಟು ಸಡಿಲಿಸಬೇಕು ಎಂಬುದನ್ನೆಲ್ಲ ಇಲ್ಲಿನ ವಾದಕ ತಾನೇ ಕಂಡುಕೊಳ್ಳಬೇಕಾಯಿತು.

1931ರಲ್ಲಿ ಹುಟ್ಟಿದ, ತಿರುಚ್ಚಿಯ ನಟರಾಜನ್ ಅವರ ಸಾಧನೆ ನಿಂತಿರುವುದು ಇಲ್ಲೇ. ತಂದೆಯೂ ಕ್ಲಾರಿಯೋನೆಟ್ ವಾದಕರು. ಆದರೆ ಮಗನನ್ನು ರೂಪಿಸಿದ್ದು ಆಲತ್ತೂರು ವೆಂಕಟೇಶ ಅಯ್ಯರ್ ಅವರ ಹಾಡಿನ ಪಾಠ, ಇಲುಪ್ಪೂರು ನಟೇಶ ಪಿಳ್ಳೈ ಅವರ ನಾಗಸ್ವರದ ಪಾಠ. ಮೃದಂಗದ ಸೌಮ್ಯತೆಗಿಂತ ತವಿಲಿನ ಬಿರುಸು ಅವರಿಗೆ ಒಗ್ಗಿತು. ನಾಗಸ್ವರದ ಚಕ್ರವರ್ತಿ ಟಿ.ಎನ್. ರಾಜರತ್ನಂ ಪಿಳ್ಳೈ ಅವರೇ ಮೆಚ್ಚಿ ‘ಕ್ಲಾರಿಯೋನೆಟ್ ಎವರೆಸ್ಟ್’ ಎಂದು ಕರೆದರು. 2022ರಲ್ಲಿ ಪದ್ಮಶ್ರೀಯೂ ಬಂತು.

ಆದರೆ ಆ ಮೆಚ್ಚುಗೆಯಲ್ಲೇ ಒಂದು ಪೇಚೂ ಇದೆ. ಮೆಚ್ಚಿದವರು ನಾಗಸ್ವರದವರು, ಮೆಚ್ಚಿದ್ದು ನಾಗಸ್ವರದ ಗುಣವನ್ನು. ನಟರಾಜನ್ ಕ್ಲಾರಿಯೋನೆಟ್ಟನ್ನು ಮಣಿಸಿ ರಾಗಾಲಾಪನೆಯ ಉದ್ದುದ್ದ ಸಂಚಾರಗಳನ್ನು ಅದರಿಂದ ಹೊರಡಿಸಿದರು, ನಿಜ. ಆದರೆ ಮೊಜಾರ್ಟ್ 1791ರ ತನ್ನ ಕನ್ಚೆರ್ಟೊದಲ್ಲಿ ಅಷ್ಟು ಆಸೆಯಿಂದ ಬಳಸಿಕೊಂಡ ತಳಸ್ಥಾಯಿಯ ಕಪ್ಪು ಮಾಧುರ್ಯ ಈ ಪರಂಪರೆಯಲ್ಲಿ ಹೆಚ್ಚಾಗಿ ಹಿನ್ನೆಲೆಗೇ ಸರಿದಿದೆ. ಕ್ಲಾರಿಯೋನೆಟ್ಟಿಗೆ ಮಾತ್ರ ಒಲಿದ ಆ ದನಿಗೆ ಇಲ್ಲಿ ಗಿರಾಕಿ ಕಡಿಮೆ. ಬೇಕಾದದ್ದು ಮೇಲಿನ ಸ್ವರಗಳ ಮೊನಚು, ಬಯಲಿನಲ್ಲೂ ಕೇಳುವ ಗಟ್ಟಿತನ. ಅದೇ ಬೇಕೆಂದಾದರೆ ನಾಗಸ್ವರವೇ ಇದೆಯಲ್ಲ ಎಂದು ಯಾರಾದರೂ ಕೇಳಿದರೆ ಉತ್ತರಿಸುವುದು ಕಷ್ಟ.

ಆ ಪ್ರಶ್ನೆಯನ್ನು ಬಿಗಿಗೊಳಿಸಿದ್ದು ನಮ್ಮ ಕದ್ರಿ ಗೋಪಾಲನಾಥ್. ನಾಗಸ್ವರ ನುಡಿಸುತ್ತಿದ್ದ ತಂದೆಯ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದವರು. ಅದಕ್ಕೂ ಒಂದೇ ರೀಡ್, ಕೀಗಳ ಕಾಟವೂ ಕಡಿಮೆಯಲ್ಲ. ಆದರೆ ಅದರ ಕೊಳವೆ ಕಿರಿದರಿಂದ ಹಿರಿದಾಗುತ್ತ ಹೋಗುವುದರಿಂದ ಕೆಳಗಿನ ಷಡ್ಜದ ಬೆರಳುಗಳೇ ಮೇಲಿನ ಷಡ್ಜಕ್ಕೂ ಸಾಕು. ಜೊತೆಗೆ 1994ರ ‘ಡ್ಯುಯೆಟ್’ ಚಿತ್ರ ಅವರ ನಾದವನ್ನು ಮನೆಮನೆಗೆ ಮುಟ್ಟಿಸಿತು. ಇಂದು ಕರಾವಳಿಯ ದೇವಸ್ಥಾನಗಳಲ್ಲೂ ಮದುವೆಗಳಲ್ಲೂ ಸ್ಯಾಕ್ಸೋಫೋನ್ ಸಾಮಾನ್ಯ. ಹುಡುಗರು ಅದನ್ನೇ ಹಿಡಿಯುತ್ತಾರೆ. ಅವರನ್ನು ದೂರಿ ಫಲವಿಲ್ಲ.

ಕ್ಲಾರಿಯೋನೆಟ್ಟಿಗೆ ಬೇರೆ ದಾರಿ ಇರಲಿಲ್ಲವೆಂದಲ್ಲ. ರಾಯಚೂರು ಸೀಮೆಯ ನರಸಿಂಹಲು ವಡವಾಟಿ ಇದೇ ವಾದ್ಯವನ್ನು ಹಿಂದೂಸ್ತಾನಿಗೆ ಒಗ್ಗಿಸಿಕೊಂಡವರು. ಗಾಯಕ ಸಿದ್ಧರಾಮ ಜಂಬಲದಿನ್ನಿಯವರ ಶಿಷ್ಯರು. ಮಂದ್ರದಲ್ಲಿ ಕಾಲೂರಿ ಒಂದೊಂದೇ ಸ್ವರ ಬಿಡಿಸುವ ಖ್ಯಾಲಿನ ನಡೆಗೆ ಕ್ಲಾರಿಯೋನೆಟ್ಟಿನ ತಳದ ದನಿ ಹೇಳಿ ಮಾಡಿಸಿದಂತಿದೆ. ತಿರುಚ್ಚಿಯಲ್ಲಿ ನಾಗಸ್ವರ ಮಾದರಿಯಾದರೆ ರಾಯಚೂರಿನಲ್ಲಿ ಕಂಠ ಮಾದರಿಯಾಯಿತು. ಅಬ್ಬರ ಮೊದಲನೆಯದರಲ್ಲಿ ಹೆಚ್ಚು. ವಾದ್ಯದ ಸ್ವಭಾವಕ್ಕೆ ಹತ್ತಿರದ್ದು ಎರಡನೆಯದು. ಆ ಎರಡನೆಯ ಹಾದಿಯನ್ನು ಕರ್ನಾಟಕ ಸಂಗೀತದ ವಿಳಂಬ ಕಾಲದ ಕೃತಿಗಳಲ್ಲಿ, ದೀಕ್ಷಿತರ ಮಂದ್ರ ಸಂಚಾರಗಳಲ್ಲಿ ಪಟ್ಟುಹಿಡಿದು ಶೋಧಿಸಿದವರು ತೀರ ವಿರಳ.