ಊರು ಕೇಳುವ ಮೊದಲು ಮಗ್ಗ ಕೇಳಿ

ಅಜ್ಜಿಯರ ಕಾಲದ ಸೀರೆಗೆ ಮತ್ತೆ ಬೇಡಿಕೆ ಬಂದಿದೆ. ಜಮಖಂಡಿ, ಮುಧೋಳದ ಅಂಗಡಿಗಳಲ್ಲಿ ಮದುವೆ ಜವಳಿಗೆ ಬಂದ ಕಾಲೇಜು ಹುಡುಗಿಯರೂ ಗೋಮಿ ದಡಿ, ಕೆಂಪು ಸೆರಗು, ಚಂದ್ರಕಾಳಿ ಎಂದು ಹೆಸರು ಹಿಡಿದು ಕೇಳುತ್ತಾರೆ. ಸೀರೆ ಬಿಚ್ಚಿ ಹಾಸಿದೊಡನೆ ಬರುವ ಪ್ರಶ್ನೆ ಒಂದೇ: ‘ಇದು ಖರೇ ಇಳಕಲ್‌ದೇನ್ರಿ?’ ‘ಹೂಂನ್ರಿ ಅಕ್ಕಾರ, ಇಳಕಲ್‌ದ’ ಎಂದರೆ ವ್ಯವಹಾರ ಮುಗಿಯಿತು. ನೇಯ್ದದ್ದು ಕೈಮಗ್ಗದಲ್ಲೋ ವಿದ್ಯುತ್ ಮಗ್ಗದಲ್ಲೋ, ನೂಲು ಯಾವುದು ಎಂದು ಕೇಳುವವರು ಕಡಿಮೆ. ಈ ಕ್ರಮ ಬದಲಾಗಬೇಕು. ಮೊದಲು ಮಗ್ಗ ಕೇಳಿ, ಆಮೇಲೆ ನೂಲು, ಕೊನೆಗೆ ಊರು.

ಇಳಕಲ್ ಸೀರೆಯ ಕಸುಬೆಲ್ಲ ಕಾಣಿಸುವುದು ಮೈ ಮತ್ತು ಸೆರಗು ಕೂಡುವ ಗೆರೆಯಲ್ಲಿ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈಗೆ ಹತ್ತಿ, ರೇಷ್ಮೆ ಇಲ್ಲವೇ ಚಮಕಾ ಎನ್ನುವ ಕೃತಕ ರೇಷ್ಮೆ. ಸೆರಗಿಗೆ ಕೆಂಪು ರೇಷ್ಮೆ. ಎರಡೂ ಹಾಸಿನ ಎಳೆಗಳನ್ನು ಒಂದರೊಳಗೊಂದು ಕೊಂಡಿಯಂತೆ ಸಿಕ್ಕಿಸಿ ಕೂಡಿಸುತ್ತಾರೆ. ಹಾಸು ಸಿದ್ಧವಾಗುವುದು ಒಂದು ಸೀರೆಯ ಅಳತೆಗೆ, ಹೀಗಾಗಿ ಸೀರೆ ಸೀರೆಗೂ ಈ ಕೆಲಸವನ್ನು ಮೊದಲಿನಿಂದ ಮಾಡಬೇಕು. ಸೆರಗಿನಲ್ಲಿ ಮೂರು ಕೆಂಪು ಪಟ್ಟಿ, ಅವುಗಳ ನಡುವೆ ಎರಡು ಬಿಳಿ ಪಟ್ಟಿ. ಇದೇ ತೋಪು ತೆನೆ ಸೆರಗು. ಆ ಕೆಂಪು ಪಟ್ಟಿಯಲ್ಲಿ ಹಾಸೂ ಕೆಂಪು, ಹೊಕ್ಕೂ ಕೆಂಪು. ಬಣ್ಣದಲ್ಲಿ ಬೆರಕೆಯೇ ಇರುವುದಿಲ್ಲ.

ವಿದ್ಯುತ್ ಮಗ್ಗದಲ್ಲಿ ಸಾಮಾನ್ಯವಾಗಿ ಉದ್ದನೆಯ ಒಂದೇ ಹಾಸು ಮೈಗೂ ಸೆರಗಿಗೂ ಓಡುತ್ತದೆ. ಸೆರಗು ಬರುವಲ್ಲಿ ಬದಲಾಗುವುದು ಹೊಕ್ಕಿನ ಬಣ್ಣ ಮಾತ್ರ. ಹಸಿರು ಮೈಯ ಸೀರೆಯಾದರೆ ಸೆರಗಿನ ಕೆಂಪಿನೊಳಗಿಂದ ಹಸಿರು ಎಳೆ ಇಣುಕುತ್ತದೆ. ಟ್ಯೂಬ್‌ಲೈಟಿನ ಕೆಳಗೆ ನೋಡದೆ ಅಂಗಡಿಯ ಬಾಗಿಲಿಗೆ ತಂದು ಬಿಸಿಲ ಬೆಳಕಿಗೆ ಹಿಡಿಯಿರಿ, ಕೂಡುಗೆರೆಯ ಮೇಲೆ ಬೆರಳಾಡಿಸಿ. ಕಸೂತಿ ಇದ್ದರೆ ಒಳಮಗ್ಗುಲನ್ನೂ ತಿರುವಿ ನೋಡಿ. ಎಳೆ ಎಣಿಸಿ ಹಾಕಿದ ಗವಂತಿ, ಮುರಗಿ ಹೊಲಿಗೆಯ ಕಸೂತಿ ಎರಡೂ ಕಡೆ ಒಂದೇ ತೆರನಾಗಿ, ಗಂಟಿಲ್ಲದೆ ಕಾಣುತ್ತದೆ. ಯಂತ್ರದ ಕಸೂತಿಯ ಹಿಂಬದಿ ತಾನೇ ಎಲ್ಲ ಹೇಳಿಬಿಡುತ್ತದೆ.

ಇಷ್ಟು ನೋಡಲು ಕಲಿತವರಿಗೆ ರಬಕವಿ-ಬನಹಟ್ಟಿ ಬೇರೆಯಾಗಿಯೇ ಕಾಣುತ್ತದೆ. ಇಳಕಲ್ ಬಾಗಲಕೋಟೆ ಜಿಲ್ಲೆಯ ಮೂಡಣ ಅಂಚಿನಲ್ಲಿದ್ದರೆ ಈ ಅವಳಿ ಊರು ಪಡುವಣ ಅಂಚಿನಲ್ಲಿದೆ. ಇಲ್ಲೂ ನೇಕಾರಿಕೆ ತಲೆಮಾರುಗಳ ಕಸುಬು, ಇಳಕಲ್ ಮಾದರಿಯ ಸೀರೆಗಳನ್ನು ಇಲ್ಲೂ ನೇಯುತ್ತಾರೆ. ಇಲ್ಲಿ ಓಣಿ ಓಣಿಗೂ ವಿದ್ಯುತ್ ಮಗ್ಗದ ಸದ್ದಿದೆ. ಕೈಮಗ್ಗ ಬಿಡದ ಮನೆಗಳೂ ಇವೆ. ‘ಬನಹಟ್ಟಿ ಮಾಲು ಅಂದ್ರ ಡೂಪ್ಲಿಕೇಟ್’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಆ ಕೈಗಳಿಗೆ ಮಾಡುವ ಅನ್ಯಾಯ.

ವಿದ್ಯುತ್ ಮಗ್ಗದ ಸೀರೆಯನ್ನೂ ನಾನು ಹಳಿಯಲಾರೆ. ಬೀಳಗಿ ಕಡೆಯ ಹೊಲದಲ್ಲಿ ದಿನವಿಡೀ ದುಡಿಯುವ ಹೆಣ್ಣುಮಗಳಿಗೆ ಕೈಗೆಟಕುವ ಬೆಲೆಯಲ್ಲಿ ದಡಿ-ಸೆರಗಿನ ಸೀರೆ ಉಡಿಸಿದ್ದು ಅದೇ ಮಗ್ಗ. ಅದನ್ನು ವಿದ್ಯುತ್ ಮಗ್ಗದ ಸೀರೆ ಎಂದೇ ಹೇಳಿ ಮಾರಿದರೆ ಯಾರಿಗೂ ನಷ್ಟವಿಲ್ಲ. ಕೈಮಗ್ಗದ ಬೆಲೆ ಹಚ್ಚಿದಾಗ ಅದು ಮೋಸ.

ಹಾಗಾದರೆ ಊರಿನ ಹೆಸರಿಗೆ ಬೆಲೆಯೇ ಇಲ್ಲವೇ? ಖಂಡಿತ ಇದೆ. 1999ರ ಕಾಯ್ದೆಯಡಿ ಇಳಕಲ್ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಭೌಗೋಳಿಕ ಗುರುತು ಸಿಕ್ಕಿದೆ. ಆ ಹೆಸರು ಅಲ್ಲಿಯ ನೇಕಾರರ ತಲೆಮಾರುಗಳ ಗಳಿಕೆ, ಅದನ್ನು ಬೇರೆಯವರು ಹಚ್ಚಿಕೊಳ್ಳಬಾರದು. ಆದರೆ ಹೆಸರು ಕೈಯನ್ನು ಬಿಟ್ಟು ಒಂಟಿಯಾಗಿ ನಡೆಯಬಾರದು. ಸ್ಕಾಟ್ಲೆಂಡಿನ ಹ್ಯಾರಿಸ್ ಟ್ವೀಡ್ ಉಣ್ಣೆ ಬಟ್ಟೆಗೆ 1993ರಲ್ಲಿ ಬ್ರಿಟನ್ನಿನ ಸಂಸತ್ತು ಒಂದು ಕಾಯ್ದೆಯನ್ನೇ ಮಾಡಿತು. ಉಣ್ಣೆಗೆ ಬಣ್ಣ ಹಾಕುವುದು, ನೂಲುವುದು ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲೇ ಆಗಬೇಕು. ದ್ವೀಪದವರು ತಮ್ಮ ಮನೆಯಲ್ಲೇ, ಕೈಯಿಂದಲೇ ನೇಯ್ದಿರಬೇಕು. ಅಲ್ಲಿ ಊರು, ಕೈ ಎರಡೂ ಕೂಡಿದರೆ ಮಾತ್ರ ಆ ಹೆಸರು.

ನಮ್ಮಲ್ಲಿಯೂ ಸಾಧನಗಳಿಗೆ ಕೊರತೆಯಿಲ್ಲ. ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆಯಿದೆ, ಬಟ್ಟೆಗೆ ಹಚ್ಚಲೆಂದು 2006ರಲ್ಲಿ ಬಂದ ಕೈಮಗ್ಗ ಗುರುತಿನ ಚೀಟಿಯಿದೆ. ಕೊಳ್ಳುವವರು ಕೇಳದಿದ್ದರೆ ಅವು ಕಪಾಟಿನಲ್ಲೇ ಉಳಿಯುತ್ತವೆ.

ಬನಹಟ್ಟಿಯ ಒಳ್ಳೆಯ ಕೈಮಗ್ಗದ ಸೀರೆ ಇಳಕಲ್ ಹೆಸರಿನಲ್ಲಿ ಮಾರಾಟವಾದಾಗ ಕಳೆದುಕೊಳ್ಳುವವರು ಇಳಕಲ್ಲಿನವರಷ್ಟೇ ಅಲ್ಲ. ಅದನ್ನು ನೇಯ್ದ ಬನಹಟ್ಟಿಯ ನೇಕಾರನಿಗೂ ತನ್ನ ಕೆಲಸದ ಹೆಸರು ಸಿಗುವುದಿಲ್ಲ. ಮುಂದಿನ ಗಿರಾಕಿ ಅವನನ್ನು ಹುಡುಕಿಕೊಂಡು ಬರುವುದಿಲ್ಲ, ಅವನ ಕೂಲಿ ಏರುವುದಿಲ್ಲ, ಅವನ ಮಗ ಮಗ್ಗದಲ್ಲಿ ಕೂರುವುದಿಲ್ಲ. ‘ಬನಹಟ್ಟಿ ಕೈಮಗ್ಗ, ರೇಷ್ಮೆ ಸೆರಗು’ ಎಂದು ಎದೆ ತಟ್ಟಿ ಹೇಳುವ ಚೀಟಿ ಆ ಸೀರೆಗೆ ಬೇಕು. ಆ ಚೀಟಿ ಕಂಡಾಗ, ಇಳಕಲ್ಲಿನ ಅಂಥದೇ ಸೀರೆಗೆ ಕೊಡುವ ಬೆಲೆಯನ್ನೇ ಅದಕ್ಕೂ ಚೌಕಾಸಿಯಿಲ್ಲದೆ ಕೊಡಬೇಕಾದವರು ನಾವು.