ಕಪಾಟಿನೊಳಗಿನ ಸಿಹಿ

ಎಮಿಲಿ ಜೆಂಕಿನ್ಸ್ ಬರೆದು ಸೋಫಿ ಬ್ಲ್ಯಾಕಾಲ್ ಚಿತ್ರ ಬಿಡಿಸಿದ ‘ಎ ಫೈನ್ ಡೆಸರ್ಟ್’ 2015ರಲ್ಲಿ ಬಂದಾಗ ಅಮೆರಿಕದ ಮಕ್ಕಳ ಪುಸ್ತಕಲೋಕ ಅದನ್ನು ಹೊತ್ತು ಮೆರೆಸಿತು. ನ್ಯೂಯಾರ್ಕ್ ಟೈಮ್ಸ್ ಆ ವರ್ಷದ ಅತ್ಯುತ್ತಮ ಸಚಿತ್ರ ಪುಸ್ತಕಗಳ ಪಟ್ಟಿಗೆ ಸೇರಿಸಿತು. ಅದರಲ್ಲಿ ಗುಲಾಮ ತಾಯಿ ಮಗಳನ್ನು ನಗುನಗುತ್ತ ತೋರಿಸಿದ್ದಕ್ಕೆ ಟೀಕೆ ಎದ್ದು, ವರ್ಷ ಮುಗಿಯುವ ಮೊದಲೇ ಲೇಖಕಿ ಕ್ಷಮೆ ಕೇಳಿ, ಸಂಭಾವನೆಯನ್ನು ದಾನ ಕೊಟ್ಟದ್ದೂ ಆಯಿತು. ಆ ಗಲಾಟೆ ಎಲ್ಲರಿಗೂ ಗೊತ್ತಿರುವಂಥದ್ದೇ. ನನ್ನ ತಕರಾರು ಬೇರೆ: ಹೊಗಳಿದವರೂ ಬೈದವರೂ ಗುಲಾಮ ಹುಡುಗಿಯ ನಗುವಿನ ಮೇಲೆಯೇ ಕಣ್ಣಿಟ್ಟರು. ಪುಸ್ತಕ ಎಡವಿದ್ದು ಕತೆ ಕಟ್ಟಿದ ಬಂಧದಲ್ಲಿ.

ಕತೆ ನಡೆಯುವುದು ನಾಲ್ಕು ಕಾಲಗಳಲ್ಲಿ: 1710ರ ಇಂಗ್ಲೆಂಡಿನ ಲೈಮ್, 1810ರ ಚಾರ್ಲ್‌ಸ್ಟನ್, 1910ರ ಬಾಸ್ಟನ್, 2010ರ ಸ್ಯಾನ್ ಡಿಯಾಗೊ. ನಾಲ್ಕೂ ಕಡೆ ಒಬ್ಬ ತಾಯಿ ಅಥವಾ ತಂದೆ, ಜೊತೆಗೊಂದು ಮಗು, ಬ್ಲ್ಯಾಕ್‌ಬೆರಿ ಹಣ್ಣಿಗೆ ಕಡೆದ ಕೆನೆ ಬೆರೆಸಿ ಮಾಡುವ ಅದೇ ಸಿಹಿ. ಕೆನೆ ಕಡೆಯಲು ಮೊದಲು ಕಡ್ಡಿಗಳ ಕಟ್ಟು, ಆಮೇಲೆ ತಂತಿಯದು, ಆಮೇಲೆ ಕೈಯಲ್ಲಿ ತಿರುಗಿಸುವ ಯಂತ್ರ, ಕೊನೆಗೆ ಕರೆಂಟಿನದು. ಮಕ್ಕಳಿಗೆ ಹೇಳಿಮಾಡಿಸಿದ ಲಯ. ಆದರೆ ಈ ಲಯಕ್ಕೆ ಸಿಕ್ಕಿದ ಗುಲಾಮಗಿರಿ ಕಡ್ಡಿಕಟ್ಟಿನ ಸಾಲಿಗೇ ಸೇರುತ್ತದೆ: ಹಿಂದೆ ಇತ್ತು, ಈಗಿಲ್ಲ. ಅದು ತಾನಾಗಿ ಹಳತಾಗಿ ಮೂಲೆ ಸೇರಿದ್ದಲ್ಲ. ಕೊನೆಗಾಣಿಸಲು ಯುದ್ಧವೇ ಬೇಕಾಯಿತು.

1810ರ ಗುಲಾಮ ತಾಯಿ ಮಗಳು ಧಣಿಯ ಮನೆಯವರಿಗೆ ಸಿಹಿ ಬಡಿಸಿ, ಕಪಾಟಿನೊಳಗೆ ಅವಿತು ಬೋಗುಣಿ ನೆಕ್ಕುತ್ತಾರೆ. ಉಳಿದ ಮೂರು ಕಾಲದವರಿಗೆ ಅವಿತುಕೊಳ್ಳುವ ಅಗತ್ಯವಿಲ್ಲ. ಟೀಕಾಕಾರರನ್ನು ಕೆಣಕಿದ ಈ ಪುಟವೇ ನನ್ನ ಮಟ್ಟಿಗೆ ಪುಸ್ತಕದಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು. ತಾವೇ ಮಾಡಿದ್ದನ್ನು ತಿನ್ನಲು ಯಾಕೆ ಬಚ್ಚಿಟ್ಟುಕೊಳ್ಳಬೇಕು ಅಂತ ಐದು ವರ್ಷದ ಮಗುವೂ ಕೇಳೀತು. ಪಾಠ ಶುರುವಾಗಬೇಕಾದದ್ದು ಅಲ್ಲೇ. ಪುಸ್ತಕವೋ ತುಟಿ ಚಪ್ಪರಿಸಿ 1910ಕ್ಕೆ ಜಿಗಿಯುತ್ತದೆ.

ಇದಕ್ಕಿಂತ ದೊಡ್ಡ ದೋಷವೊಂದಿದೆ. ನಾಲ್ಕು ಶತಮಾನ ದಾಟಿಯೂ ಅಳಿಯದ್ದು ಹೆತ್ತವರು ಮಕ್ಕಳ ನಂಟು ಎಂಬ ನಂಬಿಕೆಯ ಮೇಲೆ ಇಡೀ ಪುಸ್ತಕ ನಿಂತಿದೆ. ಗುಲಾಮರಿಗೆ ಖಾತ್ರಿಯಿಲ್ಲದಿದ್ದದ್ದು ಆ ನಂಟೇ. ಅಮೆರಿಕ 1808ರಲ್ಲಿ ಹೊರಗಿನಿಂದ ಗುಲಾಮರನ್ನು ತರಿಸುವುದನ್ನು ನಿಷೇಧಿಸಿತು; ದೇಶದೊಳಗಿನ ಮಾರಾಟ ನಿಲ್ಲಲಿಲ್ಲ. ಧಣಿಗೆ ಸಾಲ ಹೆಚ್ಚಿದರೆ ಮಗಳೊಬ್ಬಳನ್ನೇ ಮಾರಬಹುದಿತ್ತು. ಈ ಸಾಧ್ಯತೆಯ ಸುಳಿವನ್ನೂ ಕೊಡದೆ ಆ ಜೋಡಿಯನ್ನು ಉಳಿದ ಮೂರರ ಪಕ್ಕ ಕೂರಿಸಿದರೆ ಅದು ಸಮಾನತೆಯಲ್ಲ, ಮರೆಮಾಚುವಿಕೆ.

ಇನ್ನು ನಗುವಿನ ಜಗಳ. ಗುಲಾಮರ ಬದುಕಲ್ಲೂ ಅಕ್ಕರೆಯ ಗಳಿಗೆಗಳಿದ್ದವಲ್ಲ ಎಂದರು ಸಮರ್ಥಕರು. ಇದ್ದವು, ಯಾರು ಇಲ್ಲವೆಂದರು? ನಗು ಬೇಡವೇ ಬೇಡ ಎಂದವರ ವಾದವೂ ತೆಳುವೇ. ಅಳುಮೋರೆ ಬರೆದುಬಿಟ್ಟರೆ ಪುಸ್ತಕ ಸರಿಹೋಗುತ್ತಿತ್ತೇ? ‘ಎಳೆಯ ಮಕ್ಕಳಿಗೆ ಇದೆಲ್ಲ ಅರ್ಥವಾಗದು’ ಎನ್ನುವ ಮೂರನೆಯ ಗುಂಪಿನ ಮೇಲೆ ನನಗೆ ಹೆಚ್ಚು ಸಿಟ್ಟು. ಅವರಿಗೆ ಉತ್ತರ ಇನ್ನೊಂದು ಪುಸ್ತಕದ ಹಿಂದಿನ ನಿಜಕತೆಯಲ್ಲಿದೆ. ಜಾರ್ಜ್ ವಾಷಿಂಗ್ಟನ್ನರ ಗುಲಾಮ ಅಡುಗೆಯಾಳು ಹರ್ಕ್ಯುಲಿಸ್ ಕುರಿತ ಚಿತ್ರಪುಸ್ತಕವೊಂದು 2016ರ ಜನವರಿಯಲ್ಲಿ ಬಂದು, ಆ ತಿಂಗಳೇ ಪ್ರಕಾಶಕರು ಅದನ್ನು ಹಿಂತೆಗೆದುಕೊಂಡರು. ಅದರಲ್ಲಿ ಧಣಿಯ ಹುಟ್ಟುಹಬ್ಬಕ್ಕೆ ಕೇಕ್ ಮಾಡುವ ಹರ್ಕ್ಯುಲಿಸ್, ನಿಜದಲ್ಲಿ 1797ರ ಫೆಬ್ರವರಿ 22ರಂದು, ಧಣಿಯ ಹುಟ್ಟುಹಬ್ಬದ ದಿನವೇ, ಓಡಿಹೋದ. ಕೆಲವು ವಾರಗಳ ನಂತರ ವಾಷಿಂಗ್ಟನ್ನರ ಮನೆಗೆ ಬಂದ ಲೂಯಿ ಫಿಲಿಪ್, ಮುಂದೆ ಫ್ರಾನ್ಸಿನ ದೊರೆಯಾದವನು, ದಿನಚರಿಯಲ್ಲಿ ಒಂದು ಸಂಗತಿ ಬರೆದಿಟ್ಟಿದ್ದಾನೆ. ಅಪ್ಪನನ್ನು ಇನ್ನು ನೋಡಲಾಗದೆಂದು ಬೇಸರವೇ ಎಂದು ಹರ್ಕ್ಯುಲಿಸ್‌ನ ಪುಟ್ಟ ಮಗಳನ್ನು ಕೇಳಿದರೆ, ಅಪ್ಪ ಈಗ ಸ್ವತಂತ್ರ, ಅದಕ್ಕೇ ತನಗೆ ಖುಷಿ ಎಂದಳಂತೆ. ಆಕೆಗೆ ಆಗ ಆರು ವರ್ಷ. ಆರು ವರ್ಷಕ್ಕೆ ಅನುಭವಿಸಿದ್ದನ್ನು ಆರು ವರ್ಷಕ್ಕೆ ಓದಲಾಗದೇ?

‘ಎ ಫೈನ್ ಡೆಸರ್ಟ್’ನ ಚಿತ್ರಗಳು ಸೊಗಸಾಗಿವೆ, ಅಡುಗೆಯ ಕತೆಯಾಗಿ ಅದು ಚೆಂದವೇ. ಇತಿಹಾಸದ ಪಾಠವಾಗಿ ಜೊಳ್ಳು. ಎಳೆಯರಿಗೆ ಚಾವಟಿ, ರಕ್ತ ತೋರಿಸಬೇಕಿಲ್ಲ. ಯಾರು ಯಾರನ್ನು ಕೊಂಡರು, ಕೊಂಡವರಿಗೆ ಏನು ಲಾಭ ಎಂದು ಹೇಳದೆ ಮಾತ್ರ ಮುಂದಿನ ಪುಟ ತಿರುಗಿಸಬಾರದು.