ಕೋನಮಾಪಕಕ್ಕೆ ದಕ್ಕದ ಮೊಣಕಾಲು

ಶಸ್ತ್ರಚಿಕಿತ್ಸೆಯಾಗಿ ಎಂಟು ತಿಂಗಳು ಕಳೆದಿದ್ದ ಕುಸ್ತಿಯ ತರುಣನೊಬ್ಬನನ್ನು ಹುಬ್ಬಳ್ಳಿಯ ಫಿಜಿಯೋಥೆರಪಿ ಕೋಣೆಯೊಂದರಲ್ಲಿ ಮಂಚದ ಮೇಲೆ ಮಲಗಿಸಿ, ಮೊಣಕಾಲಿಗೆ ಕೋನಮಾಪಕವನ್ನು ಹಿಡಿದು, ಮಡಿಕೆಯು 130 ಡಿಗ್ರಿಯನ್ನು ಮುಟ್ಟಿತೆಂದು ಚಿಕಿತ್ಸಕರು ಸಂತೋಷದಿಂದ ಬರೆದುಕೊಂಡುದನ್ನು ನಾನು ಕಂಡಿದ್ದೇನೆ. ಆದರೆ ಅದೇ ತರುಣನು, ಕೆಳಗಿಳಿದು ಒಂದು ಬೈಠಕ ಹೊಡೆಯೆಂದಾಗ, ಮೈಭಾರವನ್ನೆಲ್ಲ ಗಾಯವಿಲ್ಲದ ಕಾಲಿಗೆ ಹೊರಿಸಿ ಅರ್ಧಕ್ಕೇ ನಿಂತುಬಿಟ್ಟನು. “ಕಾಲ ಏನೂ ಅನ್ನೂದಿಲ್ರೀ, ನಂಬಿಕೀನ ಬರವಲ್ದು” ಎಂದು ಅವನಾಡಿದ ಮಾತನ್ನು ಬರೆದುಕೊಳ್ಳಲು ಆ ಕಡತದಲ್ಲಿ ಸ್ಥಳವಿರಲಿಲ್ಲ. ಪ್ರಚಲಿತವಾದ ಪುನಶ್ಚೇತನ ಪದ್ಧತಿಯ ಮುಖ್ಯವಾದ ನ್ಯೂನತೆ ಇದೇ ಎಂದು ನನ್ನ ಅಭಿಪ್ರಾಯ.

ಕೀಲನ್ನು ಸಡಿಲಿಸುವುದರಲ್ಲಿಯೂ ತೊಡೆಯ ಸ್ನಾಯುಗಳನ್ನು ಬಲಪಡಿಸುವುದರಲ್ಲಿಯೂ ಈ ಪದ್ಧತಿಯ ಸಾಮರ್ಥ್ಯವು ನಿರ್ವಿವಾದವಾದುದು. ಆದರೂ, ಮೊಣಕಾಲಿನಲ್ಲಿ ಹರಿದ ಎಸಿಎಲ್ ಎಂಬ ಅಸ್ಥಿರಜ್ಜುವನ್ನು ಪುನರ್ನಿರ್ಮಿಸಿಕೊಂಡವರನ್ನು ಕುರಿತ ಅನೇಕ ಅಧ್ಯಯನಗಳನ್ನು ಕ್ರೋಡೀಕರಿಸಿ ಕ್ಲೇರ್ ಆರ್ಡರ್ನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ವಿಮರ್ಶೆಯಂತೆ, ಯಾವುದಾದರೊಂದು ಆಟಕ್ಕೆ ಮರಳಿದವರು ನೂರಕ್ಕೆ 81 ಮಂದಿಯಾದರೆ, ಸ್ಪರ್ಧೆಯ ಅಂಗಳಕ್ಕೆ ಮರಳಿದವರು 55 ಮಂದಿ ಮಾತ್ರ. ಮರಳುವಿಕೆಗೆ ಒದಗಿ ಬಂದ ಸಂಗತಿಗಳಲ್ಲಿ ಮನಸ್ಸಿನ ಸಿದ್ಧತೆಯೂ ಒಂದಾಗಿತ್ತು. ಮತ್ತೆ ಉಳುಕೀತೆಂಬ ಭಯದಿಂದ ಕಾಲಿಗೆ ಭಾರ ಕೊಡದವನ ತೊಡೆಯು ಕೃಶವಾಗಿ, ಕೃಶವಾದ ತೊಡೆಯಿಂದ ಮೊಣಕಾಲು ನಿಜವಾಗಿಯೂ ತಡವರಿಸಿ, ಆ ತಡವರಿಕೆಯೇ ಮೊದಲಿನ ಭಯಕ್ಕೆ ಸಾಕ್ಷಿಯಾಗುವುದು.

ಈ ಭಯವನ್ನು ಅಳೆಯುವ ಪ್ರಶ್ನಾವಳಿಗಳಿಲ್ಲವೆಂದಲ್ಲ. ಆಸ್ಟ್ರೇಲಿಯಾದಲ್ಲಿ 2008ರಲ್ಲಿ ರೂಪುಗೊಂಡ ಎಸಿಎಲ್-ಆರ್‌ಎಸ್‌ಐ ಹನ್ನೆರಡು ಪ್ರಶ್ನೆಗಳಿಂದ ಭಾವನೆ, ವಿಶ್ವಾಸ, ಅಪಾಯದ ಎಣಿಕೆಗಳನ್ನು ಶೋಧಿಸುವ ಶ್ಲಾಘ್ಯವಾದ ಸಾಧನ. ಅದಕ್ಕೂ ಹಿಂದಿನ, ಮೊಣಕಾಲಿನ ಸ್ಥಿತಿಯನ್ನು ಕುರಿತ 1998ರ ಕೂಸ್ ಪ್ರಶ್ನಾವಳಿಯ 42 ಪ್ರಶ್ನೆಗಳಾದರೋ ಕಾರನ್ನು ಹತ್ತಿಳಿಯುವುದನ್ನೂ ಸ್ನಾನದ ತೊಟ್ಟಿಗೆ ಇಳಿದೇಳುವುದನ್ನೂ ವಿಚಾರಿಸುತ್ತವೆ; ಕುಕ್ಕರಿಸುವುದನ್ನು ಕೇಳಿದರೂ, ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ಉಣ್ಣುವುದನ್ನು ಕೇಳುವುದಿಲ್ಲ. ಮಠದ ಪ್ರಸಾದಕ್ಕೆ ಎಲ್ಲರೂ ನೆಲದ ಮೇಲೆ ಕುಳಿತಾಗ ತಾನೊಬ್ಬನು ಕುರ್ಚಿ ಬೇಡಬೇಕಾದವನಿಗೆ, ‘ಗುಣವಾಯಿತು’ ಎಂಬ ವೈದ್ಯವಾಕ್ಯವು ಎಷ್ಟರಮಟ್ಟಿಗೆ ಸತ್ಯವಾದೀತು?

ಇಷ್ಟಾದರೂ ರೋಗಿಯ ಗ್ರಹಿಕೆಯೇ ಪರಮಪ್ರಮಾಣವೆಂದು ನಾನು ವಾದಿಸುವವನಲ್ಲ. ನೋವಡಗಿದ ಮಾತ್ರಕ್ಕೆ ಕಸಿ ಮಾಡಿದ ರಜ್ಜು ಬಲಿಯುವುದಿಲ್ಲ. ಅದಕ್ಕೆ ಅನೇಕ ತಿಂಗಳುಗಳು ಬೇಕು. ಮೂರನೆಯ ತಿಂಗಳಿಗೇ ಜಾತ್ರೆಯ ಅಖಾಡಕ್ಕಿಳಿಯುವವನ ಧೈರ್ಯವೂ, ಎಂಟನೆಯ ತಿಂಗಳಲ್ಲಿಯೂ ಬೈಠಕಕ್ಕೆ ಅಂಜುವವನ ಸಂಶಯವೂ ಸಮಾನವಾಗಿ ಪರೀಕ್ಷಾರ್ಹವಾದುವು: ಮೊದಲನೆಯವನಿಗೆ ಕಾಲಾವಧಿಯ ಕಾರಣವನ್ನು ತಿಳಿಸಬೇಕು; ಎರಡನೆಯವನಿಗೆ ಗೋಡೆ ಹಿಡಿದು ಕಾಲುಭಾಗ ಬೈಠಕ, ಬಳಿಕ ಅರ್ಧ, ಬಳಿಕ ಗರಡಿಯ ಕೆಮ್ಮಣ್ಣಿನ ಮೇಲೆ ಪೂರ್ಣ ಬೈಠಕ, ಹೀಗೆ ಮೊಣಕಾಲಿನಿಂದಲೇ ಅವನ ಸಂಶಯಕ್ಕೆ ಉತ್ತರ ಹೇಳಿಸಬೇಕು.

ಇದಕ್ಕೆ ಹೊಸ ಯಂತ್ರವೇನೂ ಬೇಕಾಗಿಲ್ಲ. “ಕಾಲಿನ ಮ್ಯಾಲ ನಂಬಿಕಿ ಎಷ್ಟೈತೆಪಾ?” ಎಂದು ಇಲ್ಲಿಯ ಮಾತಿನಲ್ಲಿಯೇ ಕೇಳಿ, ಬಂದ ಉತ್ತರವನ್ನು ಆ 130 ಡಿಗ್ರಿಯ ಪಕ್ಕದಲ್ಲಿ ಬರೆದಿಟ್ಟರೆ, ಮುಂದಿನ ವಾರದ ಚಿಕಿತ್ಸೆಯನ್ನು ಎಲ್ಲಿಂದ ತೊಡಗಬೇಕೆಂಬುದು ತಿಳಿದೀತು.